ಮೀನುಗಳಿಗೆ ಹಾಸಿದ ನೆಲ

ನನ್ನ ಚಿಕ್ಕಪ್ಪನನ್ನು ನೆಂಟರೆಲ್ಲ ಬೆನ್ನ ಹಿಂದೆ ‘ರಸಮಟ್ಟ’ ಎಂದೇ ಕರೆಯುವುದು. ಎದುರಿಗೆ ಹಾಗೆ ಕರೆಯುವ ಧೈರ್ಯ ಮೊದಲು ಚಿಕ್ಕಮ್ಮನಿಗೆ ಮಾತ್ರ ಇತ್ತು, ಆಮೇಲೆ ನನಗೂ ಬಂತು. ರಸಮಟ್ಟ ಎಂದರೆ ನೆಲ ಹಾಸುವವರು ಕಲ್ಲಿನ ಮೇಲಿಟ್ಟು ನೋಡುವ ಪಟ್ಟಿ. ಅದರ ನಡುವೆ ಪುಟ್ಟ ಗಾಜಿನ ನಳಿಗೆ, ನಳಿಗೆಯೊಳಗೆ ಹಸಿರು ನೀರು, ನೀರಿನಲ್ಲೊಂದು ಗುಳ್ಳೆ. ಗುಳ್ಳೆ ಎರಡು ಗೆರೆಗಳ ನಡುವೆ ನಿಂತರೆ ನೆಲ ಸಮ, ಇಲ್ಲದಿದ್ದರೆ ಎಲ್ಲೋ ಓರೆ. ಚಿಕ್ಕಪ್ಪ ಅಮೃತಶಿಲೆಯ ನೆಲ ಹಾಸುವವರು. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಇವರು ಮೂವತ್ತೆರಡು ವರ್ಷದಿಂದ ಒಂದು ಪುಟ್ಟ ರಸಮಟ್ಟ ಇಟ್ಟುಕೊಂಡಿದ್ದಾರೆ.

ಅದು ಅಲ್ಲಿ ಸುಮ್ಮನೆ ಕೂತಿರುವುದಿಲ್ಲ. ನೆಂಟರ ಮನೆಗೆ ಊಟಕ್ಕೆ ಹೋದರೆ ತಟ್ಟೆ ಬರುವ ಮೊದಲು ಮೇಜಿನ ಮೇಲೆ ರಸಮಟ್ಟ ಬರುತ್ತದೆ. ಬಸ್ ನಿಲ್ದಾಣದ ಬೆಂಚನ್ನೂ ಬಿಟ್ಟಿಲ್ಲ. ಮಂಡಿ ನೋವೆಂದು ಆಸ್ಪತ್ರೆಗೆ ಸೇರಿಸಿದಾಗ ಮಂಚದ ಕಂಬಿಯ ಮೇಲೆ ಇಟ್ಟು ನೋಡಿ, ದಾದಿಯನ್ನು ಕೂಗಿ ಕರೆದರು.

“ಸಿಸ್ಟರ್, ಈ ಮಂಚ ತಲೆ ಕಡೆ ಎರಡು ನೂಲು ಇಳಿದಿದೆ. ಮಲಗಿದವರ ರಕ್ತವೆಲ್ಲ ತಲೆಗೆ ಬಂದುಬಿಡುತ್ತೆ.”

ನೂಲು ಎಂದರೆ ಅವರ ಕಸುಬಿನಲ್ಲಿ ಅಂಗುಲದ ಎಂಟನೇ ಒಂದು ಪಾಲು. ದಾದಿ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ.

ಅದೇ ಆಸ್ಪತ್ರೆಯಲ್ಲಿ ಮಂಡಿಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ ವೈದ್ಯರು, “ಇನ್ನು ಮೇಲೆ ಮಂಡಿಯೂರಿ ಕೂರಬೇಡಿ. ಒಂದು ಸಲವೂ ಬೇಡ” ಎಂದರು. ನೆಲ ಹಾಸುವವನಿಗೆ ಮಂಡಿಯೂರಬೇಡ ಎನ್ನುವುದೂ ಬಸ್ ಓಡಿಸುವವನಿಗೆ ಕೂರಬೇಡ ಎನ್ನುವುದೂ ಒಂದೇ. ಕೆಲಸ ಅಲ್ಲಿಗೆ ನಿಂತಿತು. ಚಿಕ್ಕಪ್ಪ ಮನೆಗೆ ಬಂದು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕುಳಿತರು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತ ಚಿಕ್ಕಮ್ಮ ಮಾತಾಡಿಸಿದರೆ ಹೂಂ, ಊಟಕ್ಕೆ ಕರೆದರೂ ಹೂಂ. ಎರಡು ತಿಂಗಳು ಆ ಮನೆಯಲ್ಲಿ ಹೊಲಿಗೆ ಯಂತ್ರ ಬಿಟ್ಟರೆ ಇನ್ನೊಂದು ಸದ್ದಿರಲಿಲ್ಲ. ನನಗಂತೂ ಅದನ್ನು ನೋಡಿ ಅಳು ಬರುತ್ತಿತ್ತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ.

ಈಗ ಆ ಮನೆಯ ನೆಲದ ಬಗ್ಗೆ ಹೇಳಿಬಿಡಬೇಕು. ಅಷ್ಟು ಮನೆಗಳಿಗೆ ಮುಖ ಕಾಣುವಂಥ ನೆಲ ಹಾಸಿಕೊಟ್ಟವರ ಸ್ವಂತ ಮನೆಯಲ್ಲಿ ಇರುವುದು ಬರೀ ಸಿಮೆಂಟು. ಅದೂ ಬಿರುಕು ಬಿಟ್ಟದ್ದು. ಬಾಗಿಲು ದಾಟಿದ ಕೂಡಲೇ ಎರಡು ಅಂಗೈಯಗಲದ ಒಂದು ಗುಂಡಿ. ಬಂದವರೆಲ್ಲ ಮೊದಲು ಎಡವುತ್ತಾರೆ, ಆಮೇಲೆ ಚೆನ್ನಾಗಿದ್ದೀರಾ ಎಂದು ಕೇಳುತ್ತಾರೆ. “ಮುಂದಿನ ತಿಂಗಳು ಮುಚ್ಚಿಬಿಡ್ತೀನಿ ಕಣೇ” ಎಂದು ಚಿಕ್ಕಪ್ಪ ಹೇಳಲು ಶುರುಮಾಡಿದಾಗ ನಾನು ಶಾಲೆಗೆ ಹೋಗುತ್ತಿದ್ದೆ.

ಇನ್ನೊಂದು ಸಂಗತಿ ಅವರ ಬಿಸ್ಕತ್ತಿನ ಡಬ್ಬಿ. ಯಾವ ಮನೆಯಲ್ಲಿ ಕೆಲಸ ಮುಗಿಸಿದರೂ ಆ ನೆಲದ್ದೊಂದು ಉಳಿಕೆ ಚೂರನ್ನು ಜೇಬಿಗೆ ಹಾಕಿಕೊಂಡು ಬಂದು, ಉಜ್ಜಿ ಹೊಳಪು ಕೊಟ್ಟು, ಡಬ್ಬಿಗೆ ಹಾಕುವುದು ಅವರ ಪದ್ಧತಿ. ಬಿಳಿ, ಕೆನೆಬಣ್ಣ, ನಸುಗೆಂಪು, ಹಸಿರು ನರವಿರುವುದು, ಬೂದು ಮೋಡದಂಥದ್ದು. ಡಬ್ಬಿ ತುಂಬಿ ಎರಡಾಯಿತು, ಎರಡು ಮೂರಾಯಿತು. ಗುಡಿಸುವಾಗಲೆಲ್ಲ ಎತ್ತಿಡಬೇಕಾದ ಚಿಕ್ಕಮ್ಮ, “ಬೇರೆ ಗಂಡಸರು ಮನೆಗೆ ಹಣ್ಣು ತರ್ತಾರೆ, ಇವರು ಕಲ್ಲು ತರ್ತಾರೆ” ಎಂದು ಗೊಣಗುತ್ತಿದ್ದರು.

ಕೆಲಸ ಒಪ್ಪಿಸುವ ದಿನ ಪ್ರತಿ ಮನೆಯಲ್ಲೂ ಚಿಕ್ಕಪ್ಪನದೊಂದು ಭಾಷಣವಿರುತ್ತಿತ್ತು. ಚಿಕ್ಕವಳಿದ್ದಾಗ ಜೊತೆಗೆ ಹೋಗುತ್ತಿದ್ದ ನನಗೆ ಅದು ಬಾಯಿಪಾಠ. “ಅಮ್ಮಾ, ಒಂದು ಮಾತು. ಈ ನೆಲಕ್ಕೆ ಹುಳಿ ಮಾತ್ರ ತಾಗಿಸಬೇಡಿ. ನಿಂಬೆರಸ ಬೀಳಬಾರದು, ವಿನೆಗರ್ ಚೆಲ್ಲಬಾರದು. ಹುಳಿ ಬಿದ್ದ ಕಡೆ ಕಲ್ಲು ಕುರುಡಾಗುತ್ತೆ.” ಈ ಭಾಷಣವನ್ನು ನೆನಪಿನಲ್ಲಿಟ್ಟುಕೊಳ್ಳಿ. ನಾವು ಯಾರೂ ಇಟ್ಟುಕೊಳ್ಳಲಿಲ್ಲ.

ಚಿಕ್ಕಪ್ಪ ಗೋಡೆ ನೋಡುತ್ತಿದ್ದ ಆ ದಿನಗಳಲ್ಲಿ ನಾನು ಬಾಡಿಗೆ ಮನೆ ಬದಲಾಯಿಸಬೇಕಾಯಿತು. ಹೊಸ ಮನೆಯ ಯಜಮಾನಿಗೆ ನನ್ನ ಮೀನಿನ ತೊಟ್ಟಿ ಕಂಡು ಎದೆ ಧಸಕ್ಕೆಂದಿತು. ಎರಡನೇ ಮಹಡಿಯಲ್ಲಿ ಇನ್ನೂರು ಲೀಟರ್ ನೀರಿಟ್ಟರೆ ಕೆಳಗೆ ಮಲಗಿದವರ ಗತಿಯೇನು ಎಂದು ಕೇಳಿದರು. ಹಾಗಾಗಿ ತೊಟ್ಟಿಯೂ ಅದರೊಳಗಿದ್ದ ಒಂದು ಜೋಡಿ ಏಂಜಲ್ ಮೀನೂ ಎರಡು ಬೀದಿ ಆಚೆಗಿನ ಚಿಕ್ಕಪ್ಪನ ಮನೆಗೆ ಬಂದವು. ಅಂಗೈಯಷ್ಟು ಅಗಲ, ಬೆಳ್ಳಿ ಮೈಗೆ ಕಪ್ಪು ಪಟ್ಟೆ, ಗಾಳಿಪಟದಂಥ ರೆಕ್ಕೆ. ಬಾಲಂಗೋಚಿಯೂ ಉಂಟು.

ಚಿಕ್ಕಪ್ಪ ಗೋಡೆ ಬಿಟ್ಟು ತೊಟ್ಟಿಯ ಕಡೆ ತಿರುಗಿದರು. ಒಂದು ವಾರ ಮಾತಿಲ್ಲದೆ ನೋಡಿದರು. ಎಂಟನೆಯ ದಿನ ತೊಟ್ಟಿಯ ಅಂಚಿಗೆ ರಸಮಟ್ಟ ಇಟ್ಟು, ಅದು ನಿಂತಿದ್ದ ಸ್ಟ್ಯಾಂಡಿನ ಒಂದು ಕಾಲಿನ ಕೆಳಗೆ ರಟ್ಟು ತುರುಕಿದರು. ನಾನು ಮತ್ತು ಚಿಕ್ಕಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ರೋಗಿ ಕಣ್ಣು ಬಿಟ್ಟಿದ್ದ.

“ಪುಟ್ಟೀ, ಇದಕ್ಕೆ ನೆಲವೇ ಇಲ್ಲವಲ್ಲ” ಎಂದರು ನನಗೆ.

“ಇದೆಯಲ್ಲ ಚಿಕ್ಕಪ್ಪ, ಜಲ್ಲಿಕಲ್ಲು.”

“ಜಲ್ಲಿ ರಸ್ತೆಗೆ ಹಾಕೋದು. ಮನೆಗೆ ನೆಲ ಹಾಸಬೇಕು.”

ಮೀನುಗಳನ್ನು ಪ್ಲಾಸ್ಟಿಕ್ ಟಬ್ಬಿಗೆ ಬಿಟ್ಟು, ತೊಟ್ಟಿಯನ್ನು ಊಟದ ಮೇಜಿನ ಮೇಲೇರಿಸಿದರು. ಕುರ್ಚಿಯಲ್ಲೇ ಕುಳಿತು ಮಾಡಬಹುದಾದ ಕೆಲಸ, ಮಂಡಿಯ ಹಂಗಿಲ್ಲ. ಡಬ್ಬಿಗಳು ಹೊರಬಂದವು. ಒಂದೊಂದು ಚೂರನ್ನೂ ಇಕ್ಕಳದಲ್ಲಿ ಕತ್ತರಿಸಿ, ಬಿಳಿ ಸಿಮೆಂಟಿನಲ್ಲಿ ಕೂರಿಸುತ್ತ ಹೋದರು. ಇದು ವಕೀಲರ ಮನೆಯದು, ಇದು ಆ ಅವಳಿ ಮಕ್ಕಳ ಮನೆಯದು, ಇದು ಮೂರು ಸಲ ಕೀಳಿಸಿ ಹಾಕಿಸಿದ ಪುಣ್ಯಾತ್ಮನದು ಎಂದು ಹೇಳುತ್ತಲೇ ಹೋದರು. ನಡುವೆ ಬಿಳಿಯ ಹೂವು, ಸುತ್ತ ಹಸಿರು ಬಳ್ಳಿ, ಅಂಚಿಗೆ ಬೂದು ಪಟ್ಟಿ. ಹನ್ನೆರಡು ದಿನ ನೀರು ತುಂಬಿಸಿ, ಚೆಲ್ಲಿ, ಮತ್ತೆ ತುಂಬಿಸಿ, ಸಿಮೆಂಟಿನ ಖಾರವನ್ನೆಲ್ಲ ತೊಳೆದರು. ಆಮೇಲೆ ಮೀನು ಬಿಟ್ಟರು. ಅಂಥ ನೆಲದ ಮೇಲೆ ಅಂಥ ಮೀನು! ಹೊಲಿಸಿಕೊಳ್ಳಲು ಬಂದವರು ಬಟ್ಟೆ ಮರೆತು ನಿಂತುಬಿಡುತ್ತಿದ್ದರು.

“ಇದು ನಾನು ಹಾಸಿದ ಕೊನೇ ನೆಲ” ಎಂದು ಚಿಕ್ಕಪ್ಪ ಎಲ್ಲರಿಗೂ ಹೇಳುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು.

ತಿಂಗಳೊಪ್ಪತ್ತಿನಲ್ಲಿ ಮೀನುಗಳು ತೊಟ್ಟಿಯಲ್ಲಿದ್ದ ಅಗಲ ಎಲೆಯ ಗಿಡವೊಂದರ ಮೇಲೆ ಮೊಟ್ಟೆಯಿಟ್ಟವು. ಸಾಸಿವೆಗಿಂತ ಚಿಕ್ಕವು, ಸಾಲುಸಾಲಾಗಿ, ಗಾಜಿನ ಹಾಗೆ ತಿಳಿ. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ರೆಕ್ಕೆ ಬೀಸುತ್ತ ಕಾದವು. ಚಿಕ್ಕಪ್ಪ ಅವುಗಳಿಗಿಂತ ಹೆಚ್ಚು ಕಾದರು. ಮೂರನೆಯ ದಿನ ಮೊಟ್ಟೆಗಳೆಲ್ಲ ಸುಣ್ಣದ ಚುಕ್ಕೆಗಳಂತೆ ಬೆಳ್ಳಗಾದವು. ಹದಿನೈದು ದಿನ ಬಿಟ್ಟು ಮತ್ತೆ ಇಟ್ಟವು, ಮತ್ತೆ ಬೆಳ್ಳಗಾದವು.

ನಾನು ಚಿಕ್ಕಪ್ಪನನ್ನು ಬಣ್ಣದ ಮೀನಿನ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯಾತ ಸಮಾಧಾನದ ಮನುಷ್ಯ. ನಾವು ಸೀಸೆಯಲ್ಲಿ ಒಯ್ದಿದ್ದ ನೀರಿಗೆ ಮೂರು ಹನಿ ಔಷಧಿ ಹಾಕಿ ಅಲ್ಲಾಡಿಸಿದ. ನೀರು ಕಡುನೀಲಿಯಾಯಿತು.

“ನೋಡಿ ಯಜಮಾನ್ರೇ, ಇದು ನೀರಿನ ಪಿಎಚ್. ಏಳು ಅಂದ್ರೆ ನಡುಮಟ್ಟ, ಹಸಿರು ಬರುತ್ತೆ. ಕೆಳಗಿಳಿದ್ರೆ ಹುಳಿ, ಹಳದಿ. ಮೇಲೇರಿದ್ರೆ ಕ್ಷಾರ, ನೀಲಿ. ಈ ಮೀನಿನ ಮೂಲ ಕಾಡಿನ ಹೊಳೆ. ಎಲೆ, ಬೇರು ಕೊಳೆತು ನೀರು ಮೆತ್ತಗೆ, ಚೂರು ಹುಳಿಯಾಗಿರುತ್ತೆ. ನಿಮ್ಮ ನೀರು ಗಡಸು. ಮೊಟ್ಟೆ ಒಡೆಯಲ್ಲ.”

“ಅಂದ್ರೆ ಇದೂ ಒಂದು ರಸಮಟ್ಟವೇ!” ಎಂದರು ಚಿಕ್ಕಪ್ಪ. ಅವರ ಮುಖ ಅರಳಿತು. “ಗುಳ್ಳೆ ಬದಲು ಬಣ್ಣ. ಹಾಗಾದ್ರೆ ಒಂದಿಷ್ಟು ನಿಂಬೆರಸ ಬಿಟ್ಟರಾಯ್ತು.”

“ಅಯ್ಯೋ, ಬೇಡಿ! ಒಂದೇ ಸಲಕ್ಕೆ ಇಳಿಸಿದ್ರೆ ಮೀನು ಹೊಟ್ಟೆ ಮೇಲಾಗುತ್ತೆ. ಪ್ರಕೃತಿ ಹೇಗೆ ಮಾಡುತ್ತೋ ಹಾಗೇ, ನಿಧಾನಕ್ಕೆ. ಬಾದಾಮಿ ಮರದ ಒಣಗಿದೆಲೆ ಹಾಕಿ. ನೀರಲ್ಲಿ ನೆನೆದು ಗಟ್ಟಿಯಾದ ಮರದ ಬೇರು ಹಾಕಿ. ಮಳೆನೀರು ಬೆರೆಸಿ.”

ಅಂದಿನಿಂದ ನನ್ನ ಮರ್ಯಾದೆ ಹೋಯಿತು. ನಾನು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು. ನಮ್ಮ ಕಚೇರಿಯ ಅಂಗಳದಲ್ಲೇ ದೊಡ್ಡದೊಂದು ಬಾದಾಮಿ ಮರವಿದೆ. ಕೆಂಪಾಗಿ ಉದುರಿದ ಎಲೆಗಳನ್ನು ದಿನಾ ಸಂಜೆ ಚೀಲಕ್ಕೆ ತುಂಬುವ ನನ್ನನ್ನು ನೋಡಿ ಪೋಸ್ಟ್ ಮಾಸ್ಟರು, “ಏನಮ್ಮಾ, ಮೇಕೆ ಸಾಕಿದ್ದೀಯಾ?” ಎಂದು ಕೇಳಿದರು. ಮೀನು ಸರ್ ಎಂದೆ.

ಬೇರು ಬಂತು. ಅದನ್ನು ಕುದಿಸಬೇಕು. ಚಿಕ್ಕಮ್ಮನ ಅತಿ ದೊಡ್ಡ ಪಾತ್ರೆಯಲ್ಲೇ ಕುದಿಸಬೇಕು, ಏಕೆಂದರೆ ಬೇರೆ ಯಾವುದರಲ್ಲೂ ಅದು ಹಿಡಿಸುವುದಿಲ್ಲ. ಇಡೀ ದಿನ ಕುದಿದು ಮನೆಯೆಲ್ಲ ಒದ್ದೆ ಮರದ ವಾಸನೆ. ನೀರು ಚಹಾದ ಬಣ್ಣಕ್ಕೆ ತಿರುಗಿತು, ಪಾತ್ರೆಯೂ ತಿರುಗಿತು. “ನನ್ನ ಪಾತ್ರೆಗೂ ಪಿಎಚ್ ಬಂತು” ಎಂದು ಚಿಕ್ಕಮ್ಮ ತಲೆ ಚಚ್ಚಿಕೊಂಡರು. ಮಳೆ ಬಂದಾಗ ಅಂಗಳದಲ್ಲಿ ಬಕೆಟ್ಟು, ಟಬ್ಬು, ಕೊನೆಗೆ ಮಗ್ಗು ಕೂಡ ಸಾಲಾಗಿ ನಿಂತವು. ಛಾವಣಿಯಿಂದ ಇಳಿದ ನೀರು ಬೇಡ, ಅದಕ್ಕೆ ಸಿಮೆಂಟು ತಾಗಿರುತ್ತೆ ಎಂದು ಚಿಕ್ಕಪ್ಪ ಕಟ್ಟಪ್ಪಣೆ ಮಾಡಿದ್ದರು. ಸಿಮೆಂಟಿನ ಬಗ್ಗೆ ಇಷ್ಟು ಯೋಚಿಸಿದ ಮನುಷ್ಯ ತೊಟ್ಟಿಯ ತಳವನ್ನು ಮಾತ್ರ ಯೋಚಿಸಲಿಲ್ಲ. ತೊಳೆದಿದ್ದಾಯಿತಲ್ಲ ಎಂಬ ಧೈರ್ಯ.

ನೀರು ಇಳಿಯಿತು. ಕಡುನೀಲಿ ತಿಳಿನೀಲಿಯಾಗಿ, ಮೂರನೆಯ ದಿನ ಹಸಿರಾಯಿತು. ಚಿಕ್ಕಪ್ಪ ಅಂಗಡಿಯಿಂದ ತಂದಿದ್ದ ಪರೀಕ್ಷೆಯ ನಳಿಗೆಯನ್ನು ಹಿಡಿದು ಬೀದಿಯವರಿಗೆಲ್ಲ ತೋರಿಸಿಬಂದರು. ಐದನೆಯ ದಿನ ನೋಡಿದರೆ ಮತ್ತೆ ನೀಲಿ! ಮತ್ತೆ ಎಲೆ, ಮತ್ತೆ ಮಳೆನೀರು, ಮತ್ತೆ ಹಸಿರು, ಮತ್ತೆ ನೀಲಿ. ನಡುವೆ ಮೂರನೆಯ ಸಲದ ಮೊಟ್ಟೆಗಳೂ ಬೆಳ್ಳಗಾದವು.

ಆ ದಿನ ಚಿಕ್ಕಪ್ಪ ತೊಟ್ಟಿಯ ದೀಪ ಆರಿಸಿದರು. “ಪುಟ್ಟೀ, ಇನ್ನೊಂದು ಸಲ ನೋಡ್ತೀನಿ. ಆಗಲೂ ಹೀಗೇ ಆದ್ರೆ ಇವನ್ನ ಅಂಗಡಿಗೆ ಕೊಟ್ಟುಬಿಡು. ನನ್ನ ಕೈಯಿಂದ ಇನ್ನೇನೂ ಆಗಲ್ಲ ಅಂತ ಕಾಣುತ್ತೆ” ಎಂದರು. ಕುರ್ಚಿಯನ್ನು ಗೋಡೆಯ ಕಡೆಗೆ ಅರ್ಧ ತಿರುಗಿಸಿದ್ದರು. ಆ ಅರ್ಧ ಕುರ್ಚಿ ನೋಡಿ ನನಗೆ ನಿಜವಾಗಿಯೂ ಭಯವಾಯಿತು. ಮೀನು ಹೋದರೆ ಅದು ಪೂರ್ತಿ ತಿರುಗುತ್ತಿತ್ತು.

ಮಾರನೆಯ ಭಾನುವಾರ ತೇಲುತ್ತಿದ್ದ ಒಂದು ಎಲೆಯನ್ನು ಕೆಳಕ್ಕೆ ಒತ್ತಲು ಚಿಕ್ಕಪ್ಪ ತೊಟ್ಟಿಗೆ ಕೈ ಹಾಕಿದರು. ಹೆಬ್ಬೆರಳು ತಳಕ್ಕೆ ತಾಗಿತು. ಕೈ ಅಲ್ಲೇ ನಿಂತಿತು. ಮತ್ತೆ ಒಮ್ಮೆ ಸವರಿದರು, ಆ ತುದಿಯಿಂದ ಈ ತುದಿಯವರೆಗೆ.

“ಹೊಳಪು ಹೋಗಿದೆ” ಎಂದರು.

“ಪಾಚಿ ಕಟ್ಟಿರಬೇಕು ಚಿಕ್ಕಪ್ಪ.”

“ಪಾಚಿಗೂ ಕಲ್ಲಿಗೂ ವ್ಯತ್ಯಾಸ ನನಗೆ ನೀನು ಹೇಳಬೇಡ. ಕಲ್ಲು ಕುರುಡಾಗಿದೆ.” ಹೇಳಿದ ಮಾತು ತಮ್ಮ ಕಿವಿಗೇ ಬಿದ್ದು ಗರ ಬಡಿದವರಂತೆ ಕುಳಿತರು. ಆಮೇಲೆ ಒದ್ದೆ ಕೈಯಲ್ಲೇ ಡಬ್ಬಿಯಿಂದ ಉಳಿದ ಚೂರೊಂದನ್ನು ತೆಗೆದು ತಟ್ಟೆಯ ಮೇಲಿಟ್ಟರು. “ಲೇ, ಒಂದು ನಿಂಬೆಹಣ್ಣು ತಾರೇ” ಎಂದು ಕೂಗಿದರು.

ಚಿಕ್ಕಮ್ಮ ಶರಬತ್ತಿಗೆಂದು ಕತ್ತರಿಸಿದ್ದ ಹೋಳನ್ನೇ ತಂದರು. ಚಿಕ್ಕಪ್ಪ ಅದನ್ನು ಕಲ್ಲಿನ ಮೇಲೆ ಹಿಂಡಿದರು. ಸಣ್ಣಗೆ ನೊರೆ ಎದ್ದಿತು. ನಾವು ಮೂವರೂ ಬಗ್ಗಿ ನೋಡಿದೆವು.

“ನಾವು ಹುಳಿ ಹಾಕ್ತೀವಿ, ಈ ಕಲ್ಲು ಅದನ್ನ ತಿಂದು ತಾನು ಕರಗಿ ನೀರನ್ನ ಮತ್ತೆ ಮೇಲಕ್ಕೆ ಎತ್ತುತ್ತೆ” ಎಂದರು ಚಿಕ್ಕಪ್ಪ ಮೆಲ್ಲಗೆ. “ಮೂವತ್ತೆರಡು ವರ್ಷ ಊರಿಗೆಲ್ಲ ಹೇಳಿದೀನಿ. ಹುಳಿ ತಾಗಿಸಬೇಡಿ ಅಂತ.”

ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. “ಒಂದು ಸಲ ಊಟಕ್ಕೆ ಕರೆದವರ ಮನೆಯ ನೆಲದ ಮೇಲೆ ನಾನು ಉಪ್ಪಿನಕಾಯಿ ಬೀಳಿಸಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ರಿ! ಈಗ ನೀವೇ ಕಲ್ಲನ್ನ ಹುಳಿನೀರಲ್ಲಿ ಮುಳುಗಿಸಿ ಕೂತಿದ್ದೀರಲ್ರೀ!” ಸೆರಗು ಬಾಯಿಗಿಟ್ಟುಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಾನೂ ನಕ್ಕೆ. ನಡುವೆಯೇ ಚಿಕ್ಕಮ್ಮನ ನಗು ನಿಂತುಹೋಯಿತು. ಮುಂದೆ ಏನು ಮಾಡಬೇಕಾಗುತ್ತದೆ ಎಂದು ಅವರಿಗೆ ನನಗಿಂತ ಮೊದಲೇ ಹೊಳೆದಿತ್ತು.

ನನ್ನ ಬಾಯಿ ಸುಮ್ಮನಿರಬೇಕಲ್ಲ. “ಇನ್ನೊಂದು ತೊಟ್ಟಿ ತಂದರಾಯ್ತು ಚಿಕ್ಕಪ್ಪ. ಮೀನು ಅದರಲ್ಲಿರಲಿ, ಈ ನೆಲ ಹೀಗೇ ಇರಲಿ, ನೋಡೋಕೆ” ಎಂದೆ.

ಮೂರನೆಯ ದಿನ ಸಂಜೆ ನಾನು ಎಲೆಯ ಚೀಲ ಹಿಡಿದು, ಬಾಗಿಲ ಗುಂಡಿಯಲ್ಲಿ ಎಡವಿ ಒಳಗೆ ಬಂದಾಗ, ಮೀನುಗಳು ಮತ್ತೆ ಟಬ್ಬಿನಲ್ಲಿದ್ದವು. ತೊಟ್ಟಿ ಊಟದ ಮೇಜಿನ ಮೇಲಿತ್ತು. ಚಿಕ್ಕಪ್ಪನ ಕೈಯಲ್ಲಿ ಸಣ್ಣ ಉಳಿ, ಮರದ ಕೊಡತಿ.

“ಮೇಲೆ ಯಾರೂ ಬದುಕದ ನೆಲ ಎಂಥದು ಪುಟ್ಟೀ? ಅದು ನೆಲವೇ ಅಲ್ಲ, ಬರೀ ಕಲ್ಲು” ಎಂದು ಉಳಿಯ ಮೊನೆಯನ್ನು ತೊಟ್ಟಿಯ ತಳದ ಮೂಲೆಗಿಟ್ಟರು.

ಗಾಜಿಗೆ ಸಿಮೆಂಟು ಅಷ್ಟಾಗಿ ಹಿಡಿಯುವುದಿಲ್ಲವಂತೆ. ಹೊರಗಿನಿಂದ ಚಿಕ್ಕಮ್ಮ ಎರಡೂ ಅಂಗೈಗಳಿಂದ ಗಾಜನ್ನು ಒತ್ತಿ ಹಿಡಿದಿದ್ದರು. ಒಳಗಿನಿಂದ ಚಿಕ್ಕಪ್ಪ ಟಕ್ ಟಕ್ ಎಂದು ಬೆರಳಿನಲ್ಲಿ ಬಾಗಿಲು ಬಡಿದಷ್ಟು ಮೆಲ್ಲಗೆ ಹೊಡೆಯುತ್ತ ಹೋದರು. ಮೊದಲು ಬೂದು ಅಂಚು ಎದ್ದಿತು, ಆಮೇಲೆ ಬಳ್ಳಿ, ಕೊನೆಗೆ ಹೂವು. ಹೂವು ಏಳುವಾಗ ಅವರು ಕಣ್ಣು ಮುಚ್ಚಿಕೊಂಡರು. ನಾನು ನೋಡಿದೆ, ಚಿಕ್ಕಮ್ಮನೂ ನೋಡಿದರು. ಗಾಜು ಒಡೆಯಲಿಲ್ಲ.

ಬರಿಯ ಗಾಜಿನ ತಳದ ಮೇಲೆ ಬೇರು ಕೂತಿತು, ಅಗಲ ಎಲೆಯ ಗಿಡ ಕುಂಡದ ಸಮೇತ ಕೂತಿತು. ಮಳೆನೀರಿಗೆ ಅಷ್ಟೇ ನಲ್ಲಿ ನೀರು, ಅದರಲ್ಲಿ ಹತ್ತು ಬಾದಾಮಿ ಎಲೆ. ಮೂರನೆಯ ದಿನ ಹಸಿರು. ಐದನೆಯ ದಿನವೂ ಹಸಿರು. ಎಂಟನೆಯ ದಿನ ಹಸಿರಿಗೆ ಹಳದಿ ಬೆರೆಯಿತು, ಆಮೇಲೆ ಅಲ್ಲೇ ನಿಂತಿತು. ಇನ್ನೊಂದು ವಾರಕ್ಕೆ ಒಂದು ಗುರುವಾರ ಮೀನುಗಳು ಮೊಟ್ಟೆಯಿಟ್ಟವು.

ಅಂದರೆ ಭಾನುವಾರ ಮೂರನೆಯ ದಿನ. ಒಡೆಯಬೇಕು, ಇಲ್ಲವೇ ಬೆಳ್ಳಗಾಗಬೇಕು. ನಾನು ಹೋದಾಗ ಚಿಕ್ಕಪ್ಪ ತೊಟ್ಟಿಗೆ ಬೆನ್ನು ಹಾಕಿ ಕುಳಿತಿದ್ದರು. ತೊಟ್ಟಿಗೆ ಹಳೆಯ ಟವಲು ಹೊದಿಸಿತ್ತು.

“ನೋಡಿದ್ರಾ?”

“ನೋಡಲ್ಲ.”

“ನಾನು ನೋಡಲಾ?”

“ನಿನಗೆ ಕೈ ಮುಗೀತೀನಿ, ಸುಮ್ಮನೆ ಕೂತ್ಕೋ.”

ಚಿಕ್ಕಮ್ಮ ಅಡುಗೆಮನೆಯಿಂದ ಬಂದರು. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದರು. ಒಂದು ಕೈಯಲ್ಲಿ ಕಲಸಿದ ಬಿಳಿ ಸಿಮೆಂಟಿನ ಬಟ್ಟಲು, ಇನ್ನೊಂದರಲ್ಲಿ ಬಿಸ್ಕತ್ತಿನ ಡಬ್ಬಿ. ತೊಟ್ಟಿಯಿಂದ ಎದ್ದ ಚೂರುಗಳನ್ನೆಲ್ಲ ಅವರು ಯಾವಾಗಲೋ ಉಜ್ಜಿ ತೊಳೆದಿಟ್ಟಿದ್ದರು. ಬಾಗಿಲ ಹತ್ತಿರ ಹೋಗಿ, ಆ ಗುಂಡಿಯ ಮುಂದೆ ಮಂಡಿಯೂರಿ ಕುಳಿತರು.

“ಏನೇ ಇದು?” ಎಂದರು ಚಿಕ್ಕಪ್ಪ.

“ನಿಮ್ಮ ಮುಂದಿನ ತಿಂಗಳು ಬಂತು. ಮಂಡಿ ನನ್ನದು, ಬಾಯಿ ನಿಮ್ಮದು. ಹೇಳಿ, ಯಾವ ಚೂರು ಮೊದಲು?”

ಚಿಕ್ಕಪ್ಪ ಕುರ್ಚಿಯನ್ನು ಬಾಗಿಲ ಕಡೆಗೆ ಎಳೆದುಕೊಂಡರು. ಮೊದಮೊದಲು ಬೆರಳು ತೋರಿಸಿದರು, ಆಮೇಲೆ ಬಾಯಿ ಬಿಟ್ಟರು. ಬಿಟ್ಟ ಮೇಲೆ ನಿಲ್ಲಬೇಕಲ್ಲ! ಗುಂಡಿಗೆ ಮೊದಲು ನೀರು ಚಿಮುಕಿಸು, ಅಷ್ಟು ಸಿಮೆಂಟು ಬೇಡ, ಬಿಳಿ ಚೂರು ನಡುವೆ, ಅಯ್ಯೋ ಅದಲ್ಲ ಅದರ ಪಕ್ಕದ್ದು, ಬೆರಳಿಂದ ಒತ್ತಬೇಡ, ಕೊಡತಿಯಿಂದ ಮುಟ್ಟಿಸು, ಲೇ, ಮುಟ್ಟಿಸು ಅಂದ್ರೆ ಹೊಡಿ ಅಂತಲ್ಲ. ಚಿಕ್ಕಮ್ಮ ಒಂದಕ್ಕೂ ಎದುರಾಡಲಿಲ್ಲ. ಮದುವೆಯಾದಂದಿನಿಂದ ಅಂಥ ಮಧ್ಯಾಹ್ನ ಆ ಮನೆಯಲ್ಲಿ ಆಗಿರಲಿಕ್ಕಿಲ್ಲ.

ಅವರಿಬ್ಬರೂ ಹೂವಿನ ಕೊನೆಯ ಎಸಳಿನಲ್ಲಿ ಮುಳುಗಿದ್ದಾಗ ನಾನು ಟವಲಿನ ಅಂಚು ಎತ್ತಿದೆ. ಎಲೆಯ ಮೇಲೆ ಮೊಟ್ಟೆಗಳಿರಲಿಲ್ಲ. ಕಣ್ಣು ಹತ್ತಿರ ಒಯ್ದು ನೋಡಿದೆ. ಮೊಟ್ಟೆಗಳಿದ್ದ ಜಾಗದಲ್ಲಿ ಕೂದಲಿನಂಥ ಬಾಲಗಳು ತುಂಬಿದ್ದವು, ಎಣಿಸಲಾರದಷ್ಟು, ಎಲ್ಲವೂ ಒಟ್ಟಿಗೆ ಅಲುಗುತ್ತಿದ್ದವು. ತಾಯಿ ಮೀನು ನನ್ನತ್ತ ತಿರುಗಿ ರೆಕ್ಕೆ ಅಗಲಿಸಿ ಗದರಿಸಿತು.

“ಚಿಕ್ಕಪ್ಪ! ಒಡೆದಿವೆ! ಬಾಲ ಇದೆ, ಎಲ್ಲಕ್ಕೂ ಬಾಲ ಇದೆ!” ಎಂದು ಕಿರುಚಿದೆ.

ಅವರು ಗೋಡೆ ಹಿಡಿದು ಎದ್ದು ಬಂದರು. ಗಾಜಿಗೆ ಹಣೆ ಒತ್ತಿ ನೋಡಿದರು. ನನ್ನ ತಲೆಯ ಮೇಲೆ ಕೈಯಿಟ್ಟರು.

“ಅಲ್ಲೇ ನಿಂತುಬಿಡಬೇಡಿ” ಎಂದು ಬಾಗಿಲಿಂದ ಚಿಕ್ಕಮ್ಮ ಕೂಗಿದರು. ಅವರ ಮೂಗಿನ ತುದಿಗೆ ಸಿಮೆಂಟು ಮೆತ್ತಿತ್ತು, ಕಣ್ಣು ಒದ್ದೆಯಾಗಿತ್ತು. “ಇಲ್ಲಿ ಕೆಲಸ ಮುಗೀತು. ಬಂದು ನೋಡಿ. ಹೇಗಿದೆ, ಸಮ ಇದೆಯಾ?”

ಚಿಕ್ಕಪ್ಪ ಜೇಬಿನಿಂದ ರಸಮಟ್ಟ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಬಗ್ಗಿ ಅದನ್ನು ಹೂವಿನ ಮೇಲಿಟ್ಟೆ. ಅವರು ಮತ್ತೆ ಕುರ್ಚಿಯಲ್ಲಿ ಕುಳಿತು, ಅದರ ಅಂಚಿಗೆ ಸರಿದು, ಕುತ್ತಿಗೆ ಚಾಚಿ ಗುಳ್ಳೆಯನ್ನು ನೋಡಿದರು. ಆಮೇಲೆ ಮಂಡಿಯೂರಿ ಕುಳಿತಿದ್ದ ಹೆಂಡತಿಯನ್ನು ನೋಡಿದರು.

“ಸಮ ಇದೆ” ಎಂದರು.

ನಾನು ರಸಮಟ್ಟವನ್ನು ಎತ್ತಿ ಅವರ ಜೇಬಿಗೆ ಹಾಕಿದೆ. ಗುಳ್ಳೆ ಎರಡು ನೂಲು ಎಡಕ್ಕಿತ್ತು.